ಮುಚ್ಚಳ ಬಿಡದ ಫ್ಲಾಸ್ಕು

ದ್ರಾವಣವನ್ನು ತಣ್ಣಗಾಗಲು ಬಿಡಿ, ಹರಳು ಬೀಳುತ್ತದೆ ಎಂದು ಪುಸ್ತಕದಲ್ಲಿ ಬರೆದಿರುತ್ತದೆ. ಬೀಳದೇ ಹೋದಾಗ ಹೊಟ್ಟೆಯಲ್ಲಿ ಏನಾಗುತ್ತದೆ ಎಂದು ಮಾತ್ರ ಯಾವ ಪುಸ್ತಕದಲ್ಲೂ ಬರೆದಿಲ್ಲ. ಲ್ಯಾಬಿಗೆ ಹೊಸದಾಗಿ ಸೇರಿರುವ ನೀವೆಲ್ಲ ‘ಆಪಾ, ನಿಮ್ಮ ಅನುಭವ ಬರದುಕೊಡ್ರಿ’ ಎಂದು ಗಂಟುಬಿದ್ದಿರಿ. ಸರಿ, ಬರೆಯುತ್ತೇನೆ. ಬಡ್ತಿಯ ವಿಷಯ ಕೇಳಬೇಡಿ. ನನಗೆ ಸಿಕ್ಕಿದ್ದು ಎರಡು, ಎರಡೂ ತಡವಾಗಿ ಸಿಕ್ಕವು. ಅದರಲ್ಲಿ ನಿಮಗೆ ಕಲಿಯುವಂಥದ್ದು ಏನೂ ಇಲ್ಲ.

ನಾನು ಮೆಹರುನ್ನಿಸಾ, ಎಲ್ಲರ ಬಾಯಲ್ಲಿ ಮೆಹರ್ ಆಪಾ, ಅಂದರೆ ಅಕ್ಕ; ಮಾದನಹಿಪ್ಪರಗಾದವಳು. ಬಿ.ಎಸ್ಸಿ. ಮುಗಿಸಿ, ಮದುವೆಯಾಗಿ ಆಳಂದಕ್ಕೆ ಬಂದ ವರ್ಷವೇ ಅಲ್ಲಿನ ಸಣ್ಣ ಔಷಧಿ ಕಂಪನಿಯೊಂದರ ಲ್ಯಾಬಿಗೆ ಸೇರಿದೆ. ಕೊನೆಯವರೆಗೂ ಅದೇ ಕಂಪನಿ. ನಾವು ಮಾತ್ರೆ ಮಾಡುವವರಲ್ಲ, ಸಿರಪ್ ತುಂಬುವವರೂ ಅಲ್ಲ. ಗಿಡದ ಎಲೆಯಿಂದ ಔಷಧಿಯ ಅಂಶವನ್ನು ಬೇರ್ಪಡಿಸಿ, ಶುದ್ಧ ಮಾಡಿ, ಬಿಳಿ ಹರಳಾಗಿಸಿ ಬೇರೆಯವರಿಗೆ ಕೊಡುವವರು. ಮುಖ್ಯವಾಗಿ ಆಡುಸೋಗೆ. ಕೆಮ್ಮಿಗೆ ಅಜ್ಜಿಯರು ಕಷಾಯ ಕುದಿಸುತ್ತಿದ್ದರಲ್ಲ, ಅದೇ ಎಲೆ. ಅದರೊಳಗೆ ಹಸಿರು ಇರುತ್ತದೆ, ಮೇಣ, ಅಂಟು, ಸಕ್ಕರೆ ಎಲ್ಲ ಇರುತ್ತವೆ. ನಮಗೆ ಬೇಕಾದದ್ದು ವಾಸಿಸಿನ್ ಎಂಬ ಒಂದೇ ಒಂದು ವಸ್ತು. ಅದೊಂದನ್ನು ಉಳಿಸಿಕೊಂಡು ಮಿಕ್ಕಿದ್ದನ್ನು ಬಿಡಿಸುವುದರಲ್ಲೇ ನನ್ನ ಆಯುಷ್ಯ ಕಳೆಯಿತು.

ಆಗ ಲ್ಯಾಬ್ ಇದ್ದದ್ದು ಆಳಂದದ ಹಳೆಯ ಹತ್ತಿ ಗೋದಾಮಿನಲ್ಲಿ. ಎತ್ತರದ ಕಲ್ಲಿನ ಗೋಡೆ, ತಗಡಿನ ಮಾಡು, ಮೇಲೆ ಪಾರಿವಾಳ. ಮುಖ್ಯಸ್ಥರು ಶರಣಪ್ಪ ಸರ್. ಹಣೆಗೆ ವಿಭೂತಿ, ಜೇಬಿನಲ್ಲಿ ಗಾಜಿನ ಮೇಲೆ ಬರೆಯುವ ಕೆಂಪು ಪೆನ್ಸಿಲು, ಬಾಯಲ್ಲಿ ಮಾತು ಕಡಿಮೆ. ಅವರು ಬೈಯುತ್ತಿರಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ತಪ್ಪು ಮಾಡಿದರೆ ಸುಮ್ಮನೆ ಸ್ಟೂಲಿನ ಮೇಲೆ ಕುಳಿತು ನಮ್ಮನ್ನೇ ನೋಡುತ್ತಿದ್ದರು.

ನಾನು ಅವರನ್ನು ಮೊದಲ ಸಲ ಹಾಗೆ ಕೂರಿಸಿದ್ದು ಸೇರಿದ ಎರಡನೇ ವಾರದಲ್ಲಿ. ಎಲೆಯ ರಸವನ್ನು ಆಮ್ಲದ ನೀರಿಗೆ ಹಾಕಿ, ಕ್ಲೋರೋಫಾರ್ಮ್ ಸೇರಿಸಿ, ಕೆಳಗೆ ನಲ್ಲಿ ಇರುವ ದೊಡ್ಡ ಗಾಜಿನ ಫನೆಲ್ಲಿನಲ್ಲಿ ಕುಲುಕಿ ನಿಲ್ಲಿಸಬೇಕು. ಎರಡು ಪದರ ಆಗುತ್ತದೆ. ಹಸಿರು, ಮೇಣ ಎಲ್ಲ ಕ್ಲೋರೋಫಾರ್ಮಿನ ಜೊತೆ ಕೆಳಗೆ ಹೋಗುತ್ತದೆ. ಔಷಧಿ ಮೇಲಿನ ನೀರಿನಲ್ಲಿ ಉಳಿಯುತ್ತದೆ. ಕೆಳಗಿನದು ಕಸ. ಆಮೇಲೆ ನೀರಿಗೆ ಅಮೋನಿಯ ಹಾಕಿ ಮತ್ತೆ ಹೊಸ ಕ್ಲೋರೋಫಾರ್ಮ್ ಸೇರಿಸಿ ಕುಲುಕಿದರೆ ಲೆಕ್ಕ ತಿರುಗಾಮುರುಗಾ. ಈ ಸಲ ಔಷಧಿಯೇ ಕೆಳಗೆ ಇಳಿಯುತ್ತದೆ. ನಾನು ಅಡುಗೆಮನೆಯ ಹೆಣ್ಣುಮಗಳು. ಸಾರಿನಲ್ಲಿ ಎಣ್ಣೆ ಮೇಲೆ, ರಾಡಿ ಕೆಳಗೆ ಎಂದೇ ಗೊತ್ತಿದ್ದವಳು. ಎರಡನೇ ಸಲವೂ ಕೆಳಗಿನ ಪದರವನ್ನು ಖುಷಿಯಿಂದ ಚೆಲ್ಲಿಬಿಟ್ಟೆ.

ಸರ್ ಬಂದು ಫನೆಲ್ ನೋಡಿದರು.

“ಕೆಳಗಿನದು ಎಲ್ಲದ?”

“ಚೆಲ್ಲಿದೆ ರೀ ಸರ್.”

“ಎಲ್ಲಿ ಚೆಲ್ಲಿದಿ?”

“ಬಚ್ಚಲಕ್ಕ ರೀ.”

ಅವರು ಸ್ಟೂಲ್ ಎಳೆದುಕೊಂಡು ಕುಳಿತರು. ಒಂದು ವಾರದ ಎಲೆ, ನಾಲ್ಕು ಜನರ ದುಡಿಮೆ ಬಚ್ಚಲಿಗೆ ಹೋಗಿತ್ತು. ನನ್ನ ಕಣ್ಣು ತುಂಬಿ ಬಂತು. ಬಹಳ ಹೊತ್ತಾದ ಮೇಲೆ ಅವರು ಹೇಳಿದ್ದು ಇಷ್ಟು: “ಹರಳು ಕೈಯಾಗ ಬರೋ ತನಕ ಏನೂ ಚೆಲ್ಲಬ್ಯಾಡ ಯವ್ವ. ಹೊಲಸು ಅನಿಸಿದ್ದೂ ಚೆಲ್ಲಬ್ಯಾಡ. ಹೆಸರು ಬರದು ಇಡು.”

ಹೆಸರು ಬರೆದು ಇಡಲು ಅಂಥದ್ದೇ ಒಂದು ಕೆಂಪು ಪೆನ್ಸಿಲನ್ನು ಅವರು ಅಂದೇ ನನಗೆ ಕೊಟ್ಟರು. ಇನ್ನೊಂದು ಮಾತು: ಆಗ ನಾವು ಕ್ಲೋರೋಫಾರ್ಮನ್ನು ಬಚ್ಚಲಿಗೆ ಬಿಡುತ್ತಿದ್ದೆವು, ಕೈಗವಸಿಲ್ಲದೆ ಕೆಲಸ ಮಾಡುತ್ತಿದ್ದೆವು. ಅದನ್ನು ನಮ್ಮಿಂದ ಕಲಿಯಬೇಡಿ. ತಲೆನೋವು ಎಂದರೆ ಚಹಾ ಕುಡಿ ಎನ್ನುವ ಕಾಲ ಅದು.

ಈಗ ನೀವು ಯಂತ್ರಕ್ಕೆ ಒಂದು ಹನಿ ಕೊಟ್ಟು ಪರದೆಯ ಮೇಲೆ ಗುಡ್ಡದಂಥ ಗೆರೆ ಬರುವುದನ್ನು ನೋಡುತ್ತೀರಿ. ಒಂದೇ ಗುಡ್ಡ ಬಂದರೆ ಶುದ್ಧ, ಪಕ್ಕದಲ್ಲಿ ಮರಿ ಎದ್ದರೆ ಕಲಬೆರಕೆ. ನಮಗೆ ಆ ಯಂತ್ರ ಬಂದದ್ದು ಬಹಳ ತಡವಾಗಿ. ಅಲ್ಲಿಯವರೆಗೆ ಗಾಜಿನ ಪಟ್ಟಿಯ ಮೇಲೆ ಸಿಲಿಕಾ ಪುಡಿಯ ಹಿಟ್ಟು ಹರಡಿ, ಒಣಗಿಸಿ, ಅದರ ಮೇಲೆ ಚುಕ್ಕಿ ಇಟ್ಟು, ದ್ರಾವಕದಲ್ಲಿ ನಿಲ್ಲಿಸಿ ನೋಡುವುದು; ಒಂದೇ ಚುಕ್ಕಿ ಮೇಲೇರಿದರೆ ಶುದ್ಧ, ಎರಡಾದರೆ ಕಲಬೆರಕೆ. ಹಿಟ್ಟು ದೋಸೆಗೆ ಹದವಾದಂತೆ ಇರಬೇಕು. ಗಟ್ಟಿಯಾದರೆ ಬಿರುಕು, ತೆಳ್ಳಗಾದರೆ ಜಾರುತ್ತದೆ. ಪಾರಿವಾಳದ ಪುಕ್ಕ ಬಿದ್ದು ಎಷ್ಟು ಪಟ್ಟಿ ಹಾಳಾದವೋ ದೇವರಿಗೇ ಗೊತ್ತು.

ಇನ್ನು ಕಾಲಂ. ಗಾಜಿನ ಉದ್ದನೆಯ ಕೊಳವೆಯಲ್ಲಿ ಸಿಲಿಕಾ ತುಂಬಿ ಮೇಲಿಂದ ರಸ ಬಿಟ್ಟರೆ, ಬಣ್ಣಗಳು ಒಂದರ ಹಿಂದೆ ಒಂದು ಪಟ್ಟೆಯಾಗಿ ಇಳಿದು ಬರುತ್ತವೆ. ನೋಡಲು ಬಹಳ ಚೆಂದ. ಆದರೆ ಮೇಲಿನ ದ್ರಾವಕ ಒಂದು ಕ್ಷಣವೂ ಒಣಗಬಾರದು. ಒಣಗಿದರೆ ಒಳಗೆ ಬಿರುಕು ಬಿಟ್ಟು ಬೇರೆಯಾದದ್ದೆಲ್ಲ ಮತ್ತೆ ಕಲೆಸಿಹೋಗುತ್ತದೆ. ರಂಜಾನ್ ತಿಂಗಳಲ್ಲಿ ಒಂದು ಸಂಜೆ ನನ್ನ ಕಾಲಂ ಅರ್ಧ ಇಳಿದಿತ್ತು, ರೋಜಾ ಬಿಡುವ ಹೊತ್ತಾಯಿತು. ಬಿಟ್ಟು ಹೋಗುವಂತಿಲ್ಲ. ಶರಣಪ್ಪ ಸರ್ ಬಂದು ನನ್ನ ಕೈಯಿಂದ ದ್ರಾವಕದ ಬೀಕರ್ ತೆಗೆದುಕೊಂಡರು.

“ಹೋಗು, ಖಜೂರ ತಿಂದು ಬಾ. ಜಲ್ದಿ ಮಾಡಬ್ಯಾಡ.”

“ಸರ್, ನಿಮ್ಮ ಪೂಜಿ ಹೊತ್ತಾತಲ್ಲ ರೀ?”

“ಲಿಂಗ ನನ್ನ ಕೊಳ್ಳಾಗೇ ಅದ. ಕಾಲಂ ಕೊಳ್ಳಾಗ ಇಲ್ಲಲ್ಲ.”

ಅಂದಿನಿಂದ ನಮ್ಮಿಬ್ಬರ ನಡುವೆ ಒಂದು ಕರಾರು ಬಿತ್ತು. ನನ್ನ ರೋಜಾದ ಸಂಜೆಗಳಲ್ಲಿ ಅವರು ನನ್ನ ಕಾಲಂ ಕಾಯುವುದು, ಶಿವರಾತ್ರಿಯ ಉಪವಾಸದ ದಿನ ಅವರದನ್ನು ನಾನು ಕಾಯುವುದು. ಅವರು ಇರುವವರೆಗೂ ನಮ್ಮ ಒಂದು ಕಾಲಂ ಕೂಡ ಒಣಗಲಿಲ್ಲ.

ಎಲೆ ಬರುತ್ತಿದ್ದುದು ನಿಂಬರ್ಗಾದಿಂದ. ಅಲ್ಲಿನ ಶಾಂತಾಬಾಯಿ ಎಂಬಾಕೆ ತೊಗರಿ ಹೊಲದ ಬದುಗಳಲ್ಲಿ ಆಡುಸೋಗೆ ಹಚ್ಚಿ, ಇನ್ನಷ್ಟು ಹೆಣ್ಣುಮಕ್ಕಳನ್ನು ಕೂಡಿಸಿಕೊಂಡು ಎಲೆ ಕಳಿಸುತ್ತಿದ್ದಳು. ಒಂದು ವರ್ಷ ಅವಳ ಎಲೆಯಲ್ಲಿ ಒಂದು ಚುಕ್ಕಿ ಬರುವ ಕಡೆ ಎರಡು ಬರತೊಡಗಿದವು. ನಾನು ನಿಂಬರ್ಗಾಕ್ಕೇ ಹೋದೆ. ನೋಡಿದರೆ, ಜೋಳ ಒಣಗಿಸುವ ಕಣದಲ್ಲಿ, ಉರಿಬಿಸಿಲಿಗೆ ಎಲೆ ಹರವಿದ್ದಾರೆ. ಬಿಸಿಲು, ಗಾಳಿ ಜಾಸ್ತಿಯಾದರೆ ವಾಸಿಸಿನ್ ಕೆಟ್ಟು ಬೇರೆಯೇ ಆಗುತ್ತದೆ. ನಾನು ಜೊತೆಗೆ ಒಯ್ದಿದ್ದ ಗಾಜಿನ ಪಟ್ಟಿಯ ಮೇಲಿನ ಎರಡು ಕಿತ್ತಳೆ ಚುಕ್ಕಿ ತೋರಿಸಿದೆ. ಶಾಂತಾಬಾಯಿ ಸೊಂಟದ ಮೇಲೆ ಕೈ ಇಟ್ಟಳು.

“ಏನ್ ಆಪಾ, ಸಾಸ್ವಿ ಕಾಳಿನಷ್ಟು ಚುಕ್ಕಿ ನೋಡಿ ನಮ್ಮ ಎಲಿ ವಾಪಸ್ ಕಳಸ್ತೀರಿ?”

“ಮನಿಯೊಳಗ ನೆಳ್ಳಿಗಿ ಒಣಗಿಸಿ ನೋಡು. ಮುಂದಿನ ವಾರ ನಿನ್ನ ಕಣ್ಣಾರೆ ಚುಕ್ಕಿ ತೋರಿಸ್ತೇನಿ.”

ಮುಂದಿನ ವಾರ ಅವಳು ತಾನೇ ಲ್ಯಾಬಿಗೆ ಬಂದು, ಪಟ್ಟಿಯ ಮೇಲೆ ಒಂದೇ ಚುಕ್ಕಿ ಏಳುವುದನ್ನು ನಿಂತು ನೋಡಿದಳು. ಆಮೇಲೆ ನಿಂಬರ್ಗಾದ ಹೆಣ್ಣುಮಕ್ಕಳೆಲ್ಲ ಪಡಸಾಲೆಯಲ್ಲೇ ಎಲೆ ಒಣಗಿಸಿದರು. ರೈತರಿಗೆ ಹೇಳಿದರೆ ಅರ್ಥವಾಗುವುದಿಲ್ಲ ಎನ್ನುವ ಲ್ಯಾಬಿನವರನ್ನು ಕಂಡರೆ ನನಗೆ ಈಗಲೂ ಸಿಟ್ಟು ಬರುತ್ತದೆ. ನೀವು ತೋರಿಸಿದಿರಾ ಎಂದು ಕೇಳುತ್ತೇನೆ.

ಈಗ ನಾನು ಯಾರಿಗೂ ಹೇಳದೆ ಬಚ್ಚಿಟ್ಟಿದ್ದ ತಪ್ಪಿನ ವಿಷಯ. ಸೇರಿ ಮೂರನೇ ವರ್ಷ. ಕಂದು ಗಾಜಿನ ಒಂದು ಫ್ಲಾಸ್ಕಿನಲ್ಲಿ ಸ್ವಲ್ಪ ಹರಳು ಉಳಿದಿತ್ತು. ಗಾಜಿನ ಮುಚ್ಚಳಕ್ಕೆ ಕ್ಷಾರ ತಾಗಿದ್ದರೆ ಒರೆಸಿ ಹಾಕಬೇಕು, ಇಲ್ಲವಾದರೆ ಕಚ್ಚಿಕೊಳ್ಳುತ್ತದೆ. ನಾನು ಮನೆಗೆ ಹೋಗುವ ಅವಸರದಲ್ಲಿ ಒರೆಸಲಿಲ್ಲ. ಮರುದಿನ ತಿರುವಿದರೆ ಜಪ್ಪಯ್ಯ ಎಂದರೂ ಬರಲಿಲ್ಲ. ಬಿಸಿಬಟ್ಟೆ ಸುತ್ತಿದೆ, ಎಣ್ಣೆ ಬಿಟ್ಟೆ, ಕಟ್ಟಿಗೆಯಿಂದ ತಟ್ಟಿದೆ. ಏನೂ ಆಗಲಿಲ್ಲ. ಕೊನೆಗೆ ಫ್ಲಾಸ್ಕನ್ನು ಉಪ್ಪಿನ ಜಾಡಿಗಳ ಹಿಂದೆ ಅಡಗಿಸಿಟ್ಟೆ.

ಒಂದು ತಿಂಗಳ ಮೇಲೆ ಬೆಳಿಗ್ಗೆ ಬಂದು ನೋಡಿದರೆ ಅದು ಅಲಮಾರಿಯ ಮೇಲೆ, ಎಲ್ಲರಿಗೂ ಕಾಣುವ ಹಾಗೆ ಕುಳಿತಿದೆ. ಅದರ ಮೇಲೆ ಶರಣಪ್ಪ ಸರ್ ಅವರ ಕೆಂಪು ಅಕ್ಷರ: ‘ಮೆಹರ್. ಇರಲಿ.’

ಅಷ್ಟೇ. ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಆದರೆ ಆ ಫ್ಲಾಸ್ಕು ಮೂವತ್ತಕ್ಕೂ ಹೆಚ್ಚು ವರ್ಷ ಮೇಲಿಂದ ನನ್ನನ್ನೇ ನೋಡುತ್ತಿತ್ತು. ‘ಆಪಾ, ಅದ್ಯಾಕ್ರಿ ನಿಮ್ಮ ಹೆಸರು ಬರದದ?’ ಎಂದು ಹೊಸಬರು ಕೇಳಿದಾಗಲೆಲ್ಲ ನಾನು ಮಾತು ಬದಲಿಸುತ್ತಿದ್ದೆ. ಇರಲಿ, ಎಲ್ಲರೂ ನೋಡಲಿ ಎಂದು ಸರ್ ಇಟ್ಟಿದ್ದಾರೆ ಎಂದೇ ನನ್ನ ಮನಸ್ಸಿನಲ್ಲಿ ಕೂತಿತ್ತು. ಅವರು ನಿವೃತ್ತರಾಗಿ ಅಫಜಲಪುರದ ತಮ್ಮ ಮನೆಗೆ ಹೋದ ಮೇಲೂ ಅದನ್ನು ಇಳಿಸುವ ಧೈರ್ಯ ಬರಲಿಲ್ಲ.

ಇಷ್ಟರ ನಡುವೆ ನನಗೊಂದು ಹೆಸರು ಬಂದಿತ್ತು. ಮೆಹರ್ ಆಪಾನ ಕೈಗುಣ ಎಂದರೆ ಕೈಗುಣ. ಬೇರೆಯವರು ಮಾಡಿದ ದ್ರಾವಣ ಹರಳು ಬಿಡದೇ ಇದ್ದರೆ ನನ್ನ ಹತ್ತಿರ ತರುತ್ತಿದ್ದರು. ನಾನು ಗಾಜಿನ ಕಡ್ಡಿಯಿಂದ ಫ್ಲಾಸ್ಕಿನ ಒಳಗೋಡೆಯನ್ನು ನಾಲ್ಕು ಸಲ ಗೀಚಿದರೆ ಸಾಕು, ಬಿಳಿ ಮೋಡದ ಹಾಗೆ ಎದ್ದು ಸೂಜಿ ಸೂಜಿಯಾಗಿ ಹರಳು ಬೀಳುತ್ತಿತ್ತು. ನಾನು ಬಾಯಲ್ಲಿ ‘ಅದ್ರಾಗೇನದ ರೀ’ ಎನ್ನುತ್ತಿದ್ದೆ. ಒಳಗೊಳಗೆ ಬೀಗುತ್ತಿದ್ದೆ.

ನನ್ನ ನಿವೃತ್ತಿಗೆ ಒಂದು ವರ್ಷ ಇರುವಾಗ ಕಂಪನಿ ಜೇವರ್ಗಿಯ ಹೊರಗೆ ಹೊಸ ಲ್ಯಾಬ್ ಕಟ್ಟಿಸಿತು. ಮುಖ್ಯಸ್ಥೆಯಾಗಿ ಭಾಗ್ಯವಂತಿಯನ್ನು ನೇಮಿಸಿದರು. ಘತ್ತರಗಿಯ ಹುಡುಗಿ, ಎಂ.ಎಸ್ಸಿ. ಮಾಡಿ ಏಳು ವರ್ಷ ನಮ್ಮ ಜೊತೆ ದುಡಿದವಳು. ಅವಳ ಊರಲ್ಲಿ ಓಣಿಗೆ ನಾಲ್ವರು ಭಾಗ್ಯವಂತಿಯರು, ದೇವಿಯ ಹೆಸರು. ನಮ್ಮ ಭಾಗ್ಯವಂತಿ ಅವರೆಲ್ಲರ ಪಾಲಿನ ಬುದ್ಧಿಯನ್ನೂ ತಾನೇ ಪಡೆದು ಬಂದವಳು ಎಂದು ನಾನು ಕಾಡಿಸುತ್ತಿದ್ದೆ. ಹೈದರಾಬಾದಿನ ಮುಖ್ಯ ಕಚೇರಿಯ ಸಾಹೇಬರಿಗೆ ಮಾತ್ರ ಈ ನೇಮಕ ಇಷ್ಟವಿರಲಿಲ್ಲ. ಶುದ್ಧೀಕರಣದ ಕೆಲಸವನ್ನೆಲ್ಲ ಹೈದರಾಬಾದಿಗೇ ಒಯ್ಯಬೇಕು ಎನ್ನುವುದು ಅವರ ಹಠ. ಕೊನೆಗೆ ಒಂದು ಷರತ್ತು ಹಾಕಿದರು: ಹೊಸ ಲ್ಯಾಬಿನ ಮೊದಲ ಬ್ಯಾಚ್ ಸರಿಯಾಗಿ ಬಂದರೆ ಲ್ಯಾಬ್ ಜೇವರ್ಗಿಯಲ್ಲಿ ಉಳಿಯುತ್ತದೆ. ಇಲ್ಲವಾದರೆ ಇಲ್ಲ.

ಸಾಮಾನು ಸಾಗಿಸುವ ದಿನ ಯಜಮಾನಿಕೆ ನಾನೇ ವಹಿಸಿಕೊಂಡೆ. ಹೊಸ ಮನೆಗೆ ಹೋಗುವಾಗ ನಮ್ಮ ಕಡೆ ಹಳೆಯ ಕಸಬರಿಗೆ ಒಯ್ಯುವುದಿಲ್ಲ, ಒಡೆದದ್ದು, ಬಿರುಕು ಬಿಟ್ಟದ್ದು ಒಯ್ಯುವುದಿಲ್ಲ. ಹಿಂದೂ ಮುಸ್ಲಿಂ ಎಲ್ಲರ ಮನೆಯಲ್ಲೂ ಅದೇ ರೂಢಿ. ನಾನು ಲ್ಯಾಬಿಗೂ ಅದನ್ನೇ ಹಚ್ಚಿದೆ. ಗೀಚು ಬಿದ್ದ ಫ್ಲಾಸ್ಕು, ತುದಿ ಮುರಿದ ಗಾಜಿನ ಕಡ್ಡಿ, ಕಲೆ ಹೋಗದ ಬೀಕರ್ ಎಲ್ಲ ಗುಜರಿಗೆ. ಹಳೆಯ ಬ್ಯಾಚುಗಳ ಮಾದರಿ ಬಾಟಲಿಗಳನ್ನು ಒಂದು ಪೆಟ್ಟಿಗೆಗೆ ತುಂಬಿ, ನಿಯಮದ ಪ್ರಕಾರ ಹೈದರಾಬಾದಿಗೆ ಕಳಿಸಿದೆವು. ಕೊನೆಯಲ್ಲಿ ಅಲಮಾರಿಯ ಮೇಲಿನ ಕಂದು ಫ್ಲಾಸ್ಕನ್ನು ಇಳಿಸಿ ಗುಜರಿ ಚೀಲಕ್ಕೆ ಹಾಕಿದೆ. ರೂಢಿ ಎನ್ನುವುದು ನೆಪ. ನನಗೆ ಆ ಕೆಂಪು ಅಕ್ಷರ ಕಣ್ಣಿಂದ ಮರೆಯಾಗಬೇಕಿತ್ತು. ಎಷ್ಟು ಹಗುರವಾಯಿತು ಎಂದರೆ ಅಂದು ಎರಡು ಲೋಟ ಚಹಾ ಕುಡಿದೆ.

ಜೇವರ್ಗಿಯ ಲ್ಯಾಬ್ ಪ್ರವೇಶಕ್ಕೆ ಹೊಸ ಬೀಕರಿನಲ್ಲಿ, ಬಿಸಿಪಟ್ಟಿ ಎನ್ನುವ ಕರೆಂಟಿನ ಒಲೆಯ ಮೇಲೆ ಹಾಲು ಉಕ್ಕಿಸಿದೆವು. ಉಕ್ಕಿದ ಹಾಲು ಪಟ್ಟಿಯ ಗುಂಡಿಯೊಳಗೆ ಇಳಿದು ಮೊದಲ ದಿನವೇ ಅದು ಕೆಟ್ಟಿತು. ಎಲ್ಲರೂ ನಕ್ಕೆವು. ನಗು ಅಲ್ಲಿಗೇ ಮುಗಿಯಿತು.

ಮೊದಲ ಬ್ಯಾಚ್ ಶಾಂತಾಬಾಯಿಯ ಎಲೆ. ಕುಲುಕಿ ಬೇರ್ಪಡಿಸಿದ್ದು ಸರಿ, ಕಾಲಂ ಸರಿ, ಯಂತ್ರದಲ್ಲಿ ಒಂದೇ ಗುಡ್ಡ. ಕೊನೆಗೆ ಬಿಸಿ ಆಲ್ಕೋಹಾಲಿನಲ್ಲಿ ಕರಗಿಸಿ ತಣ್ಣಗಾಗಲು ಇಟ್ಟೆವು. ಹರಳು ಬರಲಿಲ್ಲ. ತಳದಲ್ಲಿ ಕಾಕವಿಯ ಹಾಗೆ ಜಿಡ್ಡು ಕೂತಿತು. ‘ಆಪಾ, ನಿಮ್ಮ ಕೈ ಹಚ್ಚರಿ’ ಎಂದರು. ಹಚ್ಚಿದೆ. ಹೊಸ ಕಡ್ಡಿಯ ತುದಿ ನುಣುಪು, ಹೊಸ ಫ್ಲಾಸ್ಕಿನ ಗೋಡೆ ಅದಕ್ಕಿಂತ ನುಣುಪು. ಗೀಚಿದೆ, ಗೀಚಿದೆ, ಮಣಿಕಟ್ಟು ನೋವು ಬಂತು. ಮತ್ತೆ ಬಿಸಿ ಮಾಡಿ ನಿಧಾನವಾಗಿ ತಣಿಸಿದೆವು. ಐಸಿನಲ್ಲಿ ಇಟ್ಟೆವು. ದ್ರಾವಕ ಬದಲಿಸಿದೆವು. ನಾಲ್ಕು ದಿನವಾದರೂ ಜಿಡ್ಡು ಜಿಡ್ಡಾಗಿಯೇ ಉಳಿಯಿತು. ಮೇಲಾಗಿ ದಿನಕ್ಕಿಷ್ಟು ಹಳದಿಯಾಗುತ್ತಿತ್ತು, ಅಂದರೆ ಗಾಳಿಗೆ ಕೆಡುತ್ತಿತ್ತು.

ಇಂಥ ಹೊತ್ತಿನಲ್ಲಿ ಹಳೆಯ ಹರಳಿನ ಒಂದು ಚೂರು ಹಾಕಿದರೆ ಹೊಸದು ಅದರ ಸುತ್ತ ಕಟ್ಟುತ್ತದೆ ಎನ್ನುವುದು ನಮಗೇನು ಗೊತ್ತಿಲ್ಲದ ವಿಷಯವಲ್ಲ. ಭಾಗ್ಯವಂತಿ ಹೈದರಾಬಾದಿಗೆ ಫೋನ್ ಮಾಡಿ ಹಳೆಯ ಮಾದರಿಯ ಒಂದು ಚಿಟಿಕೆ ಕೇಳಿದಳು. ಸಾಹೇಬರು, ಹೊಸ ಲ್ಯಾಬ್ ತನ್ನ ಕಾಲ ಮೇಲೆ ನಿಲ್ಲುತ್ತದೆಯೋ ಇಲ್ಲವೋ ನೋಡುವುದಕ್ಕೇ ಈ ಬ್ಯಾಚ್ ಇಟ್ಟಿರುವುದು, ಸೋಮವಾರ ಹರಳು ನನ್ನ ಮೇಜಿನ ಮೇಲೆ ಇರಲಿ ಎಂದು ಫೋನ್ ಇಟ್ಟರು. ಅಂದು ಬುಧವಾರ. ಅವಳು ಫೋನ್ ಹಿಡಿದುಕೊಂಡೇ ನಿಂತಿದ್ದಳು. ನನಗೆ ಅವಳ ಮುಖ ನೋಡಲಾಗಲಿಲ್ಲ. ನನ್ನ ಕೈಗುಣ ಎಲ್ಲಿ ಹೋಯಿತು ಎಂದು ನಾಚಿಕೆಯಾಯಿತು.

ಆ ಸಂಜೆ ಜೇವರ್ಗಿಯ ಬಾಡಿಗೆ ಕೋಣೆಗೆ ಬಂದು ಹಾಲು ಕಾಸಿದೆ. ಮೊಸರಿಗೆ ಹೆಪ್ಪು ಇರಲಿಲ್ಲ. ಪಕ್ಕದ ಮನೆಯ ಮಹಾದೇವಿಯ ಹತ್ತಿರ ಬಟ್ಟಲು ಹಿಡಿದು ಹೋದೆ.

“ಒಂದ್ ಚಮಚ ಹೆಪ್ಪು ಕೊಡ್ರಿ ಬಾಯಿ.”

“ದೀಪಾ ಹಚ್ಚಿದ ಮ್ಯಾಲ ಹೆಪ್ಪು ಕೊಡಂಗಿಲ್ರಿ ಆಪಾ, ತಪ್ಪ್ ತಿಳ್ಕೋಬ್ಯಾಡ್ರಿ. ಮುಂಜಾನಿ ಬರ್ರಿ. ಅಲ್ರಿ, ಆಳಂದದಿಂದ ಬರೂಮುಂದ ನಿಮ್ಮ ಮನಿ ಹೆಪ್ಪು ತರಲಿಲ್ಲೇನ್ರಿ?”

ನಾನು ಖಾಲಿ ಬಟ್ಟಲು ಹಿಡಿದು ಅಲ್ಲೇ ನಿಂತೆ. ಮದುವೆಯಾಗಿ ಮಾದನಹಿಪ್ಪರಗಾದಿಂದ ಹೊರಟಾಗ ಅಮ್ಮ ನನ್ನ ಮಡಿಲಿಗೆ ಹಿತ್ತಾಳೆ ಡಬ್ಬಿಯಲ್ಲಿ ಹೆಪ್ಪು ಹಾಕಿ ಕೊಟ್ಟಿದ್ದಳು. ಕಸಬರಿಗೆ ಬಿಟ್ಟು ಹೋಗು, ಹೆಪ್ಪು ತಗೊಂಡು ಹೋಗು ಎಂದಿದ್ದಳು. ನಾನು ಅರ್ಧ ರೂಢಿ ನೆನಪಿಟ್ಟುಕೊಂಡು ಅರ್ಧ ಮರೆತಿದ್ದೆ. ಆಳಂದದ ಲ್ಯಾಬಿನಲ್ಲಿ ನಾನು ಗೀಚಿದರೆ ಹರಳು ಬರುತ್ತಿದ್ದುದು ನನ್ನ ಕೈಯಿಂದಲ್ಲ. ಅಲ್ಲಿನ ಪ್ರತಿ ಗೀಚಿನಲ್ಲಿ, ಪ್ರತಿ ಕಡ್ಡಿಯ ತುದಿಯಲ್ಲಿ, ಮೇಜಿನ ಧೂಳಿನಲ್ಲಿ ಇಷ್ಟು ವರ್ಷದ ಹರಳಿನ ಕಣ ಇತ್ತು. ಇಡೀ ಗೋದಾಮೇ ಹೆಪ್ಪು. ಅದನ್ನು ನಾನು ಗುಜರಿಗೆ ಹಾಕಿ, ತಿಕ್ಕಿ ತೊಳೆದ ಖಾಲಿ ಮನೆಗೆ ಬಂದಿದ್ದೆ. ಆಮೇಲೆ ಕಂದು ಫ್ಲಾಸ್ಕು ನೆನಪಾಯಿತು. ಅದರೊಳಗೆ ಹರಳೇ ಇತ್ತು.

ಮರುದಿನ ಎಲ್ಲರಿಗಿಂತ ಮೊದಲು ಹೋಗಿ ಭಾಗ್ಯವಂತಿಯ ಕೋಣೆಯ ಬಾಗಿಲಲ್ಲಿ ನಿಂತೆ.

“ಮೇಡಂ, ಒಂದ್ ಮಾತ್ ಹೇಳೋದದ.”

“ನೀವ್ ಮೇಡಂ ಅಂದ್ರ ಏನೋ ಗಡಬಡ ಆಗ್ಯಾದ ಅಂತ ಅರ್ಥ. ಹೇಳ್ರಿ ಆಪಾ.”

ಎಲ್ಲ ಹೇಳಿದೆ. ಒರೆಸದ ಮುಚ್ಚಳ, ಉಪ್ಪಿನ ಜಾಡಿಯ ಹಿಂದೆ ಅಡಗಿಸಿದ್ದು, ಕೆಂಪು ಅಕ್ಷರ, ಗುಜರಿ ಚೀಲ. ಅವಳು ಬೈಯುತ್ತಾಳೆ ಅಂದುಕೊಂಡೆ. ಅವಳು ಚೀಲ ಹೆಗಲಿಗೆ ಹಾಕಿಕೊಂಡಳು.

“ನಡೀರಿ, ಆಳಂದಕ್ಕ ಹೋಗಮು.”

ಕಲಬುರಗಿಯಲ್ಲಿ ಬಸ್ ಬದಲಿಸಿದೆವು. ದಾರಿಯುದ್ದಕ್ಕೂ ಅವಳು ಕಿಟಕಿಯ ಹೊರಗೆ ನೋಡುತ್ತಿದ್ದಳು. ಆಳಂದ ಹತ್ತಿರ ಬಂದಾಗ ಹೇಳಿದಳು: “ಲ್ಯಾಬ್ ಹೈದರಾಬಾದಿಗಿ ಹೋದ್ರ ನಂಗೂ ಅಲ್ಲಿ ಕರೀತಾರ ಆಪಾ. ಒಂದ್ ಮೂಲ್ಯಾಗ ಕೂಡಸ್ತಾರ. ನನ್ನ ಫಿಕರ್ ಅದಲ್ಲ. ಶಾಂತಾಬಾಯಿ ಎಲಿ ನೋಡಿ ಯಾಕ ಕೆಟ್ಟದ ಅಂತ ನಿಂಬರ್ಗಾಕ್ಕ ಯಾರ್ ಬರ್ತಾರ ಅಲ್ಲಿಂದ? ಅವ್ರ ಎಲಿನೇ ಬ್ಯಾಡ ಅಂತಾರ.”

ನಾನು ಅವಳ ಕೈ ಹಿಡಿದುಕೊಂಡೆ.

ಗೋದಾಮಿನ ಕಾವಲುಗಾರ ಬಸಣ್ಣ ಬಾಗಿಲಲ್ಲೇ ಬೀಡಿ ಸೇದುತ್ತಿದ್ದ. ಗುಜರಿಯವನು ಬಂದು ಹೋಗಿ ಮೂರು ದಿನವಾಯಿತು ಎಂದ. ಕಬ್ಬಿಣ, ಬಾಟಲಿ, ಗಾಜು ಎಲ್ಲ ಒಯ್ದನಂತೆ. ಒಳಗೆ ನೆಲ ತೊಳೆದು, ಗೋಡೆಗೆ ಸುಣ್ಣ ಹೊಡೆದು ಎಲ್ಲ ಸ್ವಚ್ಛ. ನಾನು ವಾಪಸ್ ಹೊರಡಲು ತಿರುಗಿದೆ.

ಭಾಗ್ಯವಂತಿ ಮಾತ್ರ ಬಿಡಲಿಲ್ಲ. “ಬಸಣ್ಣ, ಕಂದು ಬಣ್ಣದ್ದು ಒಂದ್ ಇತ್ತಲ್ಲ, ಮ್ಯಾಲ ಕೆಂಪು ಅಕ್ಷರ ಬರದಿದ್ದು?”

“ಅದಾ? ಅದ್ ಅಂವ ಒಯ್ಯಲಿಲ್ರಿ ಮೇಡಂ. ಮುಚ್ಚಳ ತಗೀಲಾಕ ಬರಂಗಿಲ್ಲ, ಒಳಗ ಏನದನೋ ಏನೋ, ನಂಗ ಬ್ಯಾಡ ಅಂದ. ಹಿಂದಿನ ಕಿಟಕಿ ಕದ ಬಡೀತಿತ್ತು, ಅದಕ್ಕ ಅಡ್ಡ ಇಟ್ಟೇನಿ.”

ನಾನು ಓಡಿದೆ. ಅರವತ್ತು ಹತ್ತಿರವಾದವಳು ಹಾಗೆ ಓಡಬಾರದು. ಕಿಟಕಿಯಲ್ಲಿ ಅದು ಧೂಳು ಮೆತ್ತಿಕೊಂಡು ಕುಳಿತಿತ್ತು, ‘ಮೆಹರ್. ಇರಲಿ.’ ಎಂಬ ಅಕ್ಷರ ಹೊರಗೆ ಮಾಡಿಕೊಂಡು. ಬೆಳಕಿಗೆ ಹಿಡಿದರೆ ಕತ್ತಿನ ಹತ್ತಿರ ನಾಲ್ಕಾರು ಸೂಜಿಗಳು ಅಂಟಿದ್ದವು. ನಾನು ಮಾಡಿದ ಕೆಲಸ ಕೆಟ್ಟಿದ್ದಕ್ಕೆ ಅಷ್ಟು ಸಂತೋಷಪಟ್ಟದ್ದು ಜೀವನದಲ್ಲಿ ಅದೊಂದೇ ಸಲ. ಬಸಣ್ಣನಿಗೆ ಕದ ಬಡಿಯದಂತೆ ಒಂದು ಇಟ್ಟಿಗೆ ಹುಡುಕಿ ಕೊಟ್ಟು, ಫ್ಲಾಸ್ಕನ್ನು ನನ್ನ ಸೆರಗಿನಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದೆವು.

ಜೇವರ್ಗಿಗೆ ಮರಳಿದರೂ ಮುಚ್ಚಳ ಮುಚ್ಚಳವೇ. ಒಡೆಯೋಣ ಎಂದರೆ ಗಾಜಿನ ಚೂರು ಹರಳಿಗೆ ಸೇರುತ್ತದೆ. ನಾನು ಮತ್ತೆ ಬಿಸಿಬಟ್ಟೆ ಸುತ್ತಲು ಹೊರಟೆ. ಭಾಗ್ಯವಂತಿ ತಡೆದಳು. ಹೊಸ ಲ್ಯಾಬಿಗೆ ಒಂದು ತೊಟ್ಟಿ ಬಂದಿತ್ತು. ಕಿವಿಗೆ ಕೇಳದಷ್ಟು ಸೂಕ್ಷ್ಮವಾಗಿ ನೀರನ್ನು ನಡುಗಿಸಿ ಗಾಜು ತೊಳೆಯುವ ಯಂತ್ರ. ನನಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ. ಕೈಯಿಂದ ತಿಕ್ಕಿದ ಹಾಗೆ ಆಗುತ್ತದೆಯೇ ಎಂದು ವಾದಿಸುತ್ತಿದ್ದೆ. ಅವಳು ಫ್ಲಾಸ್ಕನ್ನು ತಲೆಕೆಳಗಾಗಿಸದೆ, ಕತ್ತಿಗೆ ಮಾತ್ರ ನೀರು ತಾಗುವಂತೆ ಓರೆಯಾಗಿ ಹಿಡಿದು ಯಂತ್ರ ಹಚ್ಚಿದಳು. ಐದು ನಿಮಿಷ, ಹತ್ತು ನಿಮಿಷ. ಆಮೇಲೆ ಒರೆಸಿ, ಎರಡು ಬೆರಳಿನಿಂದ ಹಗುರವಾಗಿ ತಿರುವಿದಳು. ಟಕ್ ಎಂದಿತು. ಮೂವತ್ತು ವರ್ಷ ನನಗೆ ಬಿಡದ ಮುಚ್ಚಳ ಅವಳ ಕೈಯಲ್ಲಿ ಬಂದಿತ್ತು.

“ಇದೇನ್ ಬೇ ನಿನ್ನ ಕೈಗುಣ!” ಎಂದೆ.

“ಕೈಗುಣ ಅಲ್ರಿ ಆಪಾ, ಕರೆಂಟು,” ಎಂದು ನಕ್ಕಳು. ಹತ್ತು ದಿನದ ಮೇಲೆ ಅವಳು ನಕ್ಕದ್ದು ಅದೇ ಮೊದಲು.

ಶುಕ್ರವಾರ ಬೆಳಿಗ್ಗೆ ಜಿಡ್ಡನ್ನು ಮತ್ತೆ ಬಿಸಿ ಆಲ್ಕೋಹಾಲಿನಲ್ಲಿ ಕರಗಿಸಿ, ಸೋಸಿ, ಕೈಗೆ ಬೆಚ್ಚಗೆ ಆಗುವವರೆಗೆ ತಣಿಸಿದೆವು. ಹೆಪ್ಪು ಹಾಕುವಾಗಲೂ ಹಾಲು ಅಷ್ಟೇ ಬೆಚ್ಚಗಿರಬೇಕು. ಭಾಗ್ಯವಂತಿ ಹಳೆಯ ಸೂಜಿಯೊಂದನ್ನು ಚಿಮಟದಿಂದ ಎತ್ತಿ ನನ್ನ ಕೈಗೆ ಕೊಟ್ಟಳು. ಹಳದಿಯಾದ ತುದಿ ಬಿಟ್ಟರೆ ಬಿಳಿಯೇ ಇತ್ತು. ನಾನು ಬಿಸ್ಮಿಲ್ಲ ಎಂದೆ, ಅವಳು ಯವ್ವಾ ಭಾಗ್ಯವಂತಿ ಎಂದಳು, ಸೂಜಿಯನ್ನು ಬಿಟ್ಟೆವು. ಮೊದಲ ಐದು ನಿಮಿಷ ಏನೂ ಇಲ್ಲ. ಆಮೇಲೆ ಸೂಜಿಯ ಸುತ್ತ ಒಂದು ಕೂದಲೆಳೆ ಕಾಣಿಸಿತು. ಅದರ ಪಕ್ಕ ಇನ್ನೊಂದು. ಮಧ್ಯಾಹ್ನದ ಊಟದ ಹೊತ್ತಿಗೆ ಫ್ಲಾಸ್ಕಿನ ತುಂಬ ಬಿಳಿ ಹರಳು ನಿಂತಿತ್ತು. ಯಾರೂ ಊಟಕ್ಕೆ ಹೋಗಲಿಲ್ಲ. ನಾನಂತೂ ಎಲ್ಲರ ಎದುರೇ ಅತ್ತೆ.

ಸೋಸಿ, ತೊಳೆದು, ಒಣಗಿಸಿ, ಯಂತ್ರಕ್ಕೆ ಕೊಟ್ಟರೆ ಒಂದೇ ಗುಡ್ಡ. ಎಷ್ಟು ಬಿಸಿಗೆ ಕರಗಬೇಕೋ ಅಷ್ಟಕ್ಕೇ ಹರಳು ಕರಗಿತು. ಸೋಮವಾರ ಹರಳು ಹೈದರಾಬಾದಿನ ಮೇಜಿನ ಮೇಲಿತ್ತು. ಸಾಹೇಬರು ಹೊಗಳಲಿಲ್ಲ, ಎರಡನೇ ಬ್ಯಾಚ್ ಯಾವಾಗ ಎಂದು ಕೇಳಿದರು. ಅವರ ಬಾಯಲ್ಲಿ ಅದೇ ಹೊಗಳಿಕೆ.

ಬ್ಯಾಚಿನ ದಾಖಲೆಯಲ್ಲಿ ಬೀಜದ ಹರಳು ಎಲ್ಲಿಂದ ಬಂತು ಎಂದು ಬರೆಯಲೇಬೇಕು. ಸುಮ್ಮನೆ ‘ಹಳೆಯ ಲ್ಯಾಬಿನಿಂದ’ ಎಂದು ಬರೆ ಎಂದು ಭಾಗ್ಯವಂತಿಗೆ ಗೋಗರೆದೆ. ಅವಳು ಕೇಳಲಿಲ್ಲ. ಮುಚ್ಚಳ ಕಚ್ಚಿಕೊಂಡ ಫ್ಲಾಸ್ಕು, ಮೆಹರುನ್ನಿಸಾ ಅವರ ಕೈಯದು ಎಂದು ಪೂರ್ತಿ ಬರೆದಳು. ಈಗ ಅದು ಕಂಪನಿಯ ಕಡತದಲ್ಲಿ ಶಾಶ್ವತವಾಗಿದೆ.

ಆ ಸಂಜೆ ಶರಣಪ್ಪ ಸರ್ ಅವರಿಗೆ ಫೋನ್ ಮಾಡಿದೆ. ಕಿವಿ ಮಂದ, ದನಿ ಮಾತ್ರ ಅದೇ. ನಡೆದದ್ದನ್ನೆಲ್ಲ ಗಟ್ಟಿಯಾಗಿ ಹೇಳಿ, ಇಷ್ಟು ವರ್ಷ ಹೊಟ್ಟೆಯಲ್ಲಿದ್ದದ್ದನ್ನೂ ಕೇಳಿಬಿಟ್ಟೆ.

“ಸರ್, ನನ್ನ ತಪ್ಪು ಎಲ್ಲಾರಿಗಿ ಕಾಣಲಿ ಅಂತಲ್ಲ ರೀ ನೀವು ಅದನ್ನ ಮ್ಯಾಲ ಇಟ್ಟಿದ್ದು?”

ಆ ಕಡೆ ಏನೋ ಎಳೆದ ಸದ್ದಾಯಿತು. ಸ್ಟೂಲ್ ಎಳೆದುಕೊಂಡು ಕುಳಿತರೋ ಏನೋ.

“ಹುಚ್ಚಿ,” ಎಂದರು. “ಆ ವರ್ಷದ ಹರಳಿನಷ್ಟು ಚೊಕ್ಕ ಹರಳು ನಮ್ಮ ಲ್ಯಾಬಿನ್ಯಾಗ ಮತ್ತ ಬಂದಿದ್ದಿಲ್ಲ ಯವ್ವ. ಮಾಡಿದಾಕಿ ನೀನು. ಅದಕ್ಕ ನಿನ್ನ ಹೆಸರು ಬರದು ಇಟ್ಟೆ.”

ಮೂವತ್ತು ವರ್ಷದಲ್ಲಿ ಒಮ್ಮೆಯಾದರೂ ಕತ್ತು ಎತ್ತಿ ಆ ಫ್ಲಾಸ್ಕಿನೊಳಗಿನ ಹರಳನ್ನು ಸರಿಯಾಗಿ ನೋಡಿದ್ದರೆ ಆಗುತ್ತಿತ್ತು. ನಾನು ಕಣ್ಣು ತಪ್ಪಿಸಿಕೊಂಡೇ ಓಡಾಡಿದೆ.

ನಾನು ನಿವೃತ್ತಳಾಗುವ ಹೊತ್ತಿಗೆ ಜೇವರ್ಗಿಯಲ್ಲಿ ಹರಳು ತಾನಾಗಿ ಬೀಳತೊಡಗಿತ್ತು. ಹೊಸ ಫ್ಲಾಸ್ಕುಗಳಿಗೂ ಗೀಚು ಬಿದ್ದಿವೆ, ಮೇಜಿಗೂ ಧೂಳು ಕೂತಿದೆ. ನಿಂಬರ್ಗಾದಿಂದ ಎಲೆ ಬರುತ್ತಲೇ ಇದೆ, ಭಾಗ್ಯವಂತಿ ಅದೇ ಕೋಣೆಯಲ್ಲಿ ಕುಳಿತಿದ್ದಾಳೆ. ನೀವು ಯಾರಾದರೂ ಗೀಚಿದ ಕೂಡಲೇ ಹರಳು ಬಂದು, ‘ನಿನ್ನ ಕೈಗುಣ ಭಾಳ ಚಲೋ’ ಎಂದು ಯಾರಾದರೂ ಹೊಗಳಿದರೆ ಖುಷಿಪಡಿ. ಆಮೇಲೆ ಒಮ್ಮೆ ಅಲಮಾರಿಯ ಮೇಲೆ ನೋಡಿ. ಕಂದು ಫ್ಲಾಸ್ಕು ಅಲ್ಲಿದೆ, ಒಳಗೆ ಇನ್ನೂ ಮೂರು ಸೂಜಿ ಉಳಿದಿವೆ, ಮುಚ್ಚಳವನ್ನು ಈ ಸಲ ಒರೆಸಿ ಹಾಕಿದ್ದೇನೆ. ವಾರಕ್ಕೊಮ್ಮೆ ಧೂಳು ಒರೆಸಿರಿ. ಅಕ್ಷರ ಒರೆಸಬೇಡಿ.